ಕಿರುಬೆರಳಿಗೂ ಜೋಮು ಬರುತ್ತಾ?

ಹೋದ ಮಳೆಗಾಲದಲ್ಲಿ ದಾವಣಗೆರೆಯ ನನ್ನ ಕ್ಲಿನಿಕ್ಕಿಗೆ ಒಬ್ಬ ಹೆಣ್ಣುಮಗಳು ಬಂದರು. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಕೂತ ಕೂಡಲೇ, "ಮೇಡಂ, ನನಗೆ ಸ್ಟ್ರೋಕ್ ಆಗುತ್ತೆ ಅನ್ಸುತ್ತೆ" ಅಂದರು. ರಾತ್ರಿ 3 ಗಂಟೆಗೆ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತೆ. ಆಮೇಲೆ ಮೊಬೈಲ್ ತೆಗೆದು ಹುಡುಕುವುದು. ಹುಡುಕಿದಷ್ಟೂ ಎದೆ ಡವಡವ.

ಮಾತಾಡಿಸುತ್ತಾ ಹೋದಾಗ ಇನ್ನೊಂದು ವಿಷಯ ಹೊರಬಂತು, ಅದೂ ನಾಚಿಕೊಂಡು. ಅವರು ಕಥೆ ಬರೆಯುತ್ತಾರೆ. ಟಿವಿಯಲ್ಲಿ ಮುಗಿದುಹೋದ ಒಂದು ಧಾರಾವಾಹಿಯ ನಾಯಕಿ ಮುಂದೇನಾದಳು ಅಂತ ಕಂತು ಕಂತಾಗಿ ಬರೆದು, ಅದನ್ನು ಇಷ್ಟಪಡುವ ಗೆಳತಿಯರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಊಟ, ಪಾತ್ರೆ, ಮಕ್ಕಳ ಹೋಂವರ್ಕ್ ಎಲ್ಲ ಮುಗಿದ ಮೇಲೆ, ಮಲಗಿಕೊಂಡು, ಮೊಬೈಲಿನಲ್ಲೇ. 16 ಕಂತು ಆಗಿದ್ದವು. ಭಯ ಶುರುವಾದ ಮೇಲೆ ನಿಲ್ಲಿಸಿ ಮೂರು ವಾರ ಆಗಿತ್ತು. "ಆ ಬರೆಯೋ ಹುಚ್ಚು ಬಿಡು, ಎಲ್ಲ ಸರಿಹೋಗುತ್ತೆ" ಅಂತ ಮನೆಯಲ್ಲೂ ಅಂದಿದ್ದರಂತೆ.

ಮೊದಮೊದಲು ನಾನೂ ಹಾಗೇ ಹೇಳಿ ಕಳಿಸುತ್ತಿದ್ದೆ. ಅದು ತಪ್ಪು. ದಿನವಿಡೀ ಬೇರೆಯವರಿಗಾಗಿ ದುಡಿಯುವ ಹೆಣ್ಣಿಗೆ ತನ್ನದು ಅಂತ ಇರುವುದೇ ಆ ಎರಡು ಗಂಟೆ. ಅದನ್ನೂ ಕಿತ್ತುಕೊಂಡರೆ ಖಾಲಿಯಾದ ಜಾಗಕ್ಕೆ ಚಿಂತೆ ಬಂದು ಕೂರುತ್ತೆ.

ಒಂದು ನೋಟ್‌ಬುಕ್ ಕೈಗೆ ಕೊಟ್ಟೆ. "ಎಂಟು ದಿನ ಬರೀರಿ. ಕಥೆ ಥರ ಅಲ್ಲ, ಪಂಚನಾಮೆ ಥರ. ಎಷ್ಟು ಹೊತ್ತಿಗೆ, ಯಾವ ಬೆರಳು, ಎಷ್ಟು ನಿಮಿಷ, ಏನು ಮಾಡಿದರೆ ಹೋಯ್ತು. ಇದು ಏನಿರಬಹುದು ಅಂತ ಮಾತ್ರ ಬರೀಬೇಡಿ. ರಾತ್ರಿ ಪ್ರಶ್ನೆ ಹುಟ್ಟಿದರೆ ಅದನ್ನೂ ಇದರಲ್ಲೇ ಬರೆದು ಮುಚ್ಚಿಡಿ, ಮೊಬೈಲ್ ಮುಟ್ಟಬೇಡಿ" ಅಂದೆ. ಬರೆಯುವವರಿಗೆ ಇದು ಬೇಗ ಒಗ್ಗುತ್ತೆ. ಅವರ ಕಣ್ಣು ಸಣ್ಣದನ್ನೂ ಬಿಡುವುದಿಲ್ಲ. ಆದರೆ ಅಂಥವರೇ ಎರಡು ಲಕ್ಷಣ ಸಿಕ್ಕರೆ ನಡುವೆ ಸೇತುವೆ ಕಟ್ಟಿಬಿಡುತ್ತಾರೆ, ಅದಕ್ಕೇ ಪಂಚನಾಮೆ.

ಎಂಟು ದಿನದ ಮೇಲೆ ತಂದರು. ಪುಟ ತಿರುವುತ್ತಾ ಹೋದೆ. "ಹೆಬ್ಬೆರಳು, ತೋರುಬೆರಳು, ನಡುಬೆರಳು. ಕೈ ಕೊಡವಿದೆ, 5 ನಿಮಿಷಕ್ಕೆ ಹೋಯ್ತು." ಮರುದಿನವೂ ಅದೇ. ಕಿರುಬೆರಳಿನ ಹೆಸರು ಎಲ್ಲೂ ಇಲ್ಲ. ಕೇಳಿದೆ. ಯೋಚಿಸಿ, "ಇಲ್ಲ ಮೇಡಂ, ಅದು ಚೆನ್ನಾಗೇ ಇರುತ್ತೆ" ಅಂದರು.

ಅರ್ಧ ಉತ್ತರ ಅಲ್ಲೇ ಇತ್ತು. ಮಣಿಕಟ್ಟಿನ ಇಕ್ಕಟ್ಟು ದಾರಿಯಲ್ಲಿ ಹೋಗುವ ನರ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳುಗಳಿಗೆ ಸ್ಪರ್ಶ ಕೊಡುತ್ತೆ. ಕಿರುಬೆರಳಿನದು ಬೇರೆ ನರ. ಎರಡೂ ಹಸ್ತದ ಹಿಂಭಾಗ ಒಂದಕ್ಕೊಂದು ತಾಗಿಸಿ, ಮಣಿಕಟ್ಟು ಬಗ್ಗಿಸಿ ಒಂದು ನಿಮಿಷ ಹಿಡಿಯಿರಿ ಅಂದೆ. ನಿಮಿಷ ಮುಗಿಯುವ ಮೊದಲೇ "ಜುಮುಜುಮು ಶುರುವಾಯ್ತು" ಅಂದರು. ಕಾರ್ಪಲ್ ಟನಲ್ ಅನ್ನುವ ತೊಂದರೆ ಇದು.

ಇನ್ನರ್ಧ ಉಳಿದಿತ್ತು. ಬರೆಯುವುದು ನಿಲ್ಲಿಸಿದರೂ ಜೋಮು ಹೋಗಿರಲಿಲ್ಲ ಅಲ್ವಾ? ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ಸಕ್ಕರೆ ಸರಿಯಿತ್ತು, ಥೈರಾಯ್ಡ್ ಕಡಿಮೆಯಿತ್ತು. ಥೈರಾಯ್ಡ್ ಕಡಿಮೆಯಾದಾಗ ಮಣಿಕಟ್ಟಿನೊಳಗೆ ಊತ ಬಂದು ನರ ಒತ್ತುತ್ತೆ. "ಬರೆಯೋದು ಬಿಡಿ" ಅಂತ ಸುಮ್ನೆ ಕಳಿಸಿದ್ದರೆ ಇದು ಕೈತಪ್ಪಿಹೋಗುತ್ತಿತ್ತು.

ಮಾತ್ರೆ ಶುರುವಾಯಿತು. ರಾತ್ರಿ ಮಲಗುವಾಗ ಮಣಿಕಟ್ಟು ನೆಟ್ಟಗಿಡುವ ಪಟ್ಟಿ. ಬರೆಯುವುದು ಕೂತು, ಮೊಬೈಲನ್ನು ದಿಂಬಿನ ಮೇಲಿಟ್ಟು, 11 ಗಂಟೆಯವರೆಗೆ ಮಾತ್ರ. ಕೈ ನೊಂದರೆ ಬಾಯಲ್ಲಿ ಹೇಳಿ ಟೈಪ್ ಮಾಡಿಸಬಹುದು, ಕನ್ನಡದಲ್ಲೂ ಆಗುತ್ತೆ. ಕಣ್ಣುರಿ ಅನ್ನುವವರಿಗೂ ಒಂದು ಮಾತು: ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದೇ ಕಡಿಮೆ. 20 ನಿಮಿಷಕ್ಕೊಮ್ಮೆ ದೂರ ನೋಡಿ, ನೆನಪಿಟ್ಟು ರೆಪ್ಪೆ ಬಡಿಯಿರಿ.

ಅಭಿಮಾನಿ ಸಂಘದ ಹುಡುಗರದು ಬೇರೆ ಕಥೆ. ಸಿನಿಮಾ ಬಿಡುಗಡೆಗೆ ಎರಡು ರಾತ್ರಿ ಕಟೌಟ್ ಕೆಲಸ, ಮೂರನೇ ದಿನ "ಹಾರ್ಟು ಒಂದು ಬಡಿತ ತಪ್ಪಿಸ್ತಿದೆ" ಅಂತ ಬರುತ್ತಾರೆ. ಇಸಿಜಿ ಮಾಡಿಸುತ್ತೇನೆ, ಹೆಚ್ಚಿನವರದು ಸರಿಯಿರುತ್ತೆ. ನಿದ್ದೆಗೆಟ್ಟು ಕಾಫಿ ಜಾಸ್ತಿಯಾದರೆ ಹೀಗಾಗುತ್ತೆ. ಸಂಜೆ 6ಕ್ಕೆ ಕುಡಿದ ಕಾಫಿಯ ಕೆಫೀನ್ ರಾತ್ರಿ 11ಕ್ಕೂ ಅರ್ಧದಷ್ಟು ಮೈಯಲ್ಲೇ ಇರುತ್ತೆ. ಸಂಘ ಬಿಡಿ ಅನ್ನುವುದಿಲ್ಲ, ಪಾಳಿ ಹಾಕಿಕೊಂಡು ಮಲಗಿ ಅನ್ನುತ್ತೇನೆ.

ಆದರೆ ಕೆಲವಕ್ಕೆ ನೋಟ್‌ಬುಕ್ ತೆರೆಯಲೇಬಾರದು. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ, ಎದೆ ಹಿಂಡಿ ಬೆವರು ಕಿತ್ತರೆ ತಕ್ಷಣ 108ಕ್ಕೆ ಫೋನ್ ಮಾಡಿ. ಸ್ಟ್ರೋಕಿನ ರಕ್ತಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಸಾಕಷ್ಟು ಮೊದಲೇ ಆಸ್ಪತ್ರೆ ತಲುಪಿರಬೇಕು.

ಆರು ವಾರಕ್ಕೆ ಥೈರಾಯ್ಡ್ ಮತ್ತೆ ನೋಡಬೇಕಿತ್ತು. ಆ ಹೆಣ್ಣುಮಗಳು ರಿಪೋರ್ಟ್ ಜೊತೆ ಅದೇ ನೋಟ್‌ಬುಕ್ ತಂದಿದ್ದರು. ಮುಂದಿನ ಪುಟಗಳಲ್ಲಿ ಪಂಚನಾಮೆ, ದಿನಕ್ಕೆ ಒಂದೇ ಸಾಲಾಗಿತ್ತು. ಹಿಂದಿನಿಂದ ತಿರುಗಿಸಿ ತೋರಿಸಿದರು. ಅಲ್ಲಿ 17ನೇ ಕಂತು ಪೆನ್ನಿನಲ್ಲಿ ಅರ್ಧ ಆಗಿತ್ತು.