ಹತ್ತು ನಿಮಿಷದ ಚಿತ್ರ, ಆರು ತರಗತಿಗಳ ಲೆಕ್ಕ

ಪ್ರತಿ ಸೆಮಿಸ್ಟರ್‌ನ ಕೊನೆಯ ತಿಂಗಳಿನಲ್ಲಿ ನನ್ನ ಸಂಕಲನ ಕೊಠಡಿಗೆ ಬರುವ ಕಾಲೇಜು ಹುಡುಗ ಹುಡುಗಿಯರ ಸಂಖ್ಯೆ ಹೆಚ್ಚುತ್ತದೆ. ಕೈಯಲ್ಲೊಂದು ಹಾರ್ಡ್ ಡಿಸ್ಕ್, ಮುಖದಲ್ಲಿ ನಿದ್ದೆಗೆಟ್ಟ ಕಳೆ. ಚಿತ್ರ ಅರ್ಧಕ್ಕೆ ನಿಂತಿದೆ, ಹಾಜರಾತಿ ಕೊರತೆಯ ಪಟ್ಟಿಯಲ್ಲಿ ಹೆಸರು ಬಂದಿದೆ, ಇಂಟರ್ನಲ್ಸ್, ಅಂದರೆ ಕಾಲೇಜಿನ ಆಂತರಿಕ ಪರೀಕ್ಷೆಗಳು, ಮುಂದಿನ ವಾರವೇ ಇವೆ, ಮನೆಯಲ್ಲಿ ಇನ್ನೂ ಏನೂ ಹೇಳಿಲ್ಲ ಎಂಬ ನಾಲ್ಕು ಸಂಗತಿಗಳನ್ನು ಅವರು ಹೆಚ್ಚುಕಡಿಮೆ ಇದೇ ಅನುಕ್ರಮದಲ್ಲಿ ಹೇಳುತ್ತಾರೆ. ಇಪ್ಪತ್ತು ವರ್ಷಗಳಿಂದ ಸಂಕಲನಕಾರನಾಗಿ ದುಡಿಯುತ್ತ, ಬಿಡುವಾದಾಗ ಕಾಲೇಜುಗಳ ಫಿಲ್ಮ್ ಕ್ಲಬ್‌ಗಳಿಗೆ ಕಾರ್ಯಾಗಾರ ನಡೆಸುತ್ತ ಬಂದಿರುವ ನನಗೆ, ಇವರಲ್ಲಿ ಹೆಚ್ಚಿನವರ ತೊಂದರೆ ಸಿನಿಮಾದ ಮೇಲಿನ ಅತಿಯಾದ ಪ್ರೀತಿಯಿಂದ ಬಂದದ್ದೆಂದು ಅನಿಸಿಲ್ಲ. ಅದು ದಿನಗಳನ್ನು ಎಣಿಸದೆ ಚಿತ್ರೀಕರಣಕ್ಕೆ ಇಳಿದದ್ದರಿಂದ ಬಂದದ್ದು.

ಕಳೆದ ವರ್ಷ ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿ ಬಂದಿದ್ದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನ ಮೂರನೆಯ ವರ್ಷದ ವಿದ್ಯಾರ್ಥಿಯ ಉದಾಹರಣೆಯನ್ನು ಇಟ್ಟುಕೊಂಡೇ ಇದನ್ನು ವಿವರಿಸುತ್ತೇನೆ. ಆತನ ಕಿರುಚಿತ್ರದ ವಸ್ತು ಬುತ್ತಿ. ಹಳ್ಳಿಯಲ್ಲಿರುವ ತಾಯಂದಿರು ಬೆಳಗಿನ ಬಸ್ಸಿಗೆ ರೊಟ್ಟಿ, ಪಲ್ಯ, ಶೇಂಗಾ ಚಟ್ನಿಯ ಗಂಟು ಕೊಟ್ಟು ಕಳಿಸುವುದು, ಪಟ್ಟಣದಲ್ಲಿ ಓದುವ ಮಕ್ಕಳು ನಿಲ್ದಾಣಕ್ಕೆ ಹೋಗಿ ಅದನ್ನು ಇಳಿಸಿಕೊಳ್ಳುವುದು ಉತ್ತರ ಕರ್ನಾಟಕದಲ್ಲಿ ಹಲವು ತಲೆಮಾರುಗಳು ಕಂಡ ರೂಢಿ. ತಾಯಿ ತೀರಿಕೊಂಡ ಮೇಲೂ ಅಭ್ಯಾಸಬಲದಿಂದ ಪ್ರತಿದಿನ ಬಸ್ಸು ಕಾಯಲು ಹೋಗುವ ಒಬ್ಬ ಹುಡುಗನ ಕತೆಯನ್ನು ಈತ ಬರೆದಿದ್ದ. ಹತ್ತು ಪುಟ, ಸುಮಾರು ಹತ್ತು ನಿಮಿಷ. ಕತೆ ಚೆನ್ನಾಗಿತ್ತು. ಮೂರು ವಾರ ಸತತವಾಗಿ ಗುರುವಾರ ಮತ್ತು ಶುಕ್ರವಾರ ಚಿತ್ರೀಕರಣ ನಡೆಸಿ ಮುಕ್ಕಾಲು ಭಾಗ ಮುಗಿಸಿದ್ದ. ಬಸ್ಸಿನೊಳಗಿನ ದೃಶ್ಯಗಳು ಮಾತ್ರ ಬಾಕಿ ಇದ್ದವು, ಅದಕ್ಕೆ ಇನ್ನೆರಡು ದಿನ ಬೇಕು ಎಂಬುದು ಆತನ ಅಂದಾಜು.

ನಾನು ಡಿಸ್ಕ್ ಜೋಡಿಸುವ ಮೊದಲು ಆತನ ವೇಳಾಪಟ್ಟಿ ಕೇಳಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮದಂತೆ ಪ್ರತಿಯೊಂದು ವಿಷಯದಲ್ಲೂ ಪ್ರತ್ಯೇಕವಾಗಿ ಶೇ 85ರಷ್ಟು ಹಾಜರಾತಿ ಇರಬೇಕು. ತಕ್ಕ ಕಾರಣ ತೋರಿಸಿದರೆ ಶೇ 10ರವರೆಗೆ ಮನ್ನಾ ಸಿಗುವ ಅವಕಾಶವಿದೆ. ವಿದ್ಯಾರ್ಥಿಗಳು ಈ ಅಂಕಿಯನ್ನು ಬಾಯಿಪಾಠ ಒಪ್ಪಿಸುತ್ತಾರೆ, ಆದರೆ ಅದನ್ನು ತರಗತಿಗಳಿಗೆ ಇಳಿಸಿ ನೋಡುವುದಿಲ್ಲ. ಸೆಮಿಸ್ಟರ್‌ಗೆ 40 ಗಂಟೆಗಳ ಪಾಠವಿರುವ ಒಂದು ವಿಷಯದಲ್ಲಿ ಶೇ 15 ಎಂದರೆ ಆರು ತರಗತಿ. ಜ್ವರ, ಅಕ್ಕನ ಮದುವೆ, ಊರ ಜಾತ್ರೆ, ಸಿನಿಮಾ ಎಲ್ಲವೂ ಸೇರಿ ಈ ಆರರೊಳಗೇ ಮುಗಿಯಬೇಕು. ಅದಕ್ಕಿಂತ ದೊಡ್ಡ ಬಲೆ ಇರುವುದು ಲ್ಯಾಬ್‌ನಲ್ಲಿ. ವಾರಕ್ಕೊಮ್ಮೆ ಬರುವ ಲ್ಯಾಬ್ ಇಡೀ ಸೆಮಿಸ್ಟರ್‌ನಲ್ಲಿ ಹನ್ನೆರಡು ಸಲ ನಡೆದರೆ, ಎರಡು ಸಲ ತಪ್ಪಿಸಿಕೊಂಡ ಕೂಡಲೇ ಹಾಜರಾತಿ ಶೇ 85ರ ಕೆಳಗೆ ಇಳಿಯುತ್ತದೆ. ಮೂರನೆಯ ಸಲಕ್ಕೆ ಅದು ಸರಿಯಾಗಿ ಶೇ 75, ಅಂದರೆ ಮನ್ನಾದ ಕೊನೆಯ ಮೆಟ್ಟಿಲು. ನನ್ನ ಮುಂದೆ ಕುಳಿತಿದ್ದವನ ಲ್ಯಾಬ್ ಗುರುವಾರವೇ ಇತ್ತು. ಉಳಿದ ವಿಷಯಗಳಲ್ಲಿ ಆತನ ಸ್ಥಿತಿ ಅಷ್ಟೇನೂ ಕೆಟ್ಟಿರಲಿಲ್ಲ. ಅದೇ ಆರು ದಿನಗಳನ್ನು ವಾರದ ಬೇರೆ ಬೇರೆ ದಿನಗಳಿಗೆ ಹಂಚಿದ್ದರೆ, ಅಥವಾ ಒಂದೇ ವಾರದಲ್ಲಿ ಒಟ್ಟಾಗಿ ಮುಗಿಸಿದ್ದರೆ, ಲ್ಯಾಬ್‌ನಲ್ಲಿ ಕಳೆದುಹೋಗುತ್ತಿದ್ದುದು ಒಂದೇ ದಿನ.

ಗುರುವಾರವನ್ನೇ ಏಕೆ ಆರಿಸಿದೆ ಎಂದು ಕೇಳಿದಾಗ, ಛಾಯಾಗ್ರಾಹಕನಾಗಿದ್ದ ಸಿವಿಲ್ ವಿಭಾಗದ ಗೆಳೆಯನಿಗೆ ಅಂದು ಮಧ್ಯಾಹ್ನ ಬಿಡುವಿತ್ತು ಎಂಬ ಉತ್ತರ ಬಂತು. ಕ್ಯಾಂಪಸ್ ಚಿತ್ರಗಳು ಎಡವುವ ಸಾಮಾನ್ಯ ಜಾಗ ಇದು. ಒಂಬತ್ತು ಜನರ ತಂಡ ನಾಲ್ಕು ವಿಭಾಗಗಳಿಂದ ಬಂದಿದ್ದರೆ ನಾಲ್ಕು ಲ್ಯಾಬ್ ದಿನಗಳು, ನಾಲ್ಕು ಬಗೆಯ ಅಸೈನ್‌ಮೆಂಟ್ ಗಡುವುಗಳು ಅಲ್ಲಿರುತ್ತವೆ. ವೃತ್ತಿಪರ ಚಿತ್ರಗಳಲ್ಲಿ ಸಹಾಯಕ ನಿರ್ದೇಶಕರು ಕಲಾವಿದರ ಕಾಲ್‌ಶೀಟ್‌ಗಳನ್ನು ಒಂದೇ ದೊಡ್ಡ ಹಾಳೆಯ ಮೇಲೆ ಬರೆದು, ಯಾವ ದಿನ ಯಾರಿಲ್ಲ ಎಂಬುದನ್ನು ಮೊದಲು ಗುರುತಿಸಿ, ಉಳಿದ ದಿನಗಳಿಗೆ ದೃಶ್ಯಗಳನ್ನು ಹೊಂದಿಸುತ್ತಾರೆ. ವಿದ್ಯಾರ್ಥಿಗಳು ಇದನ್ನು ತಿರುವುಮುರುವಾಗಿ ಮಾಡುತ್ತಾರೆ: ಯಾರು ಬಿಡುವಾಗಿದ್ದಾರೆ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿ, ಹೆಚ್ಚು ಹೆಬ್ಬೆರಳು ಬಿದ್ದ ದಿನ ಹೊರಟುಬಿಡುತ್ತಾರೆ. ಆ ಹೆಬ್ಬೆರಳುಗಳಲ್ಲಿ ಅರ್ಧದಷ್ಟು ದಾಕ್ಷಿಣ್ಯದವು.

ಇನ್ನೊಂದು ಲೆಕ್ಕವೂ ತಪ್ಪಿರುತ್ತದೆ. ಚಿತ್ರೀಕರಣದ ದಿನಗಳನ್ನು ಮಾತ್ರ ಎಣಿಸುವ ವಿದ್ಯಾರ್ಥಿ, ಆ ದಿನಗಳ ಹಿಂದೆ ಮುಂದೆ ಅಂಟಿಕೊಂಡು ಬರುವ ದಿನಗಳನ್ನು ಎಣಿಸುವುದಿಲ್ಲ. ಬೆಂಗಳೂರಿನಿಂದ ಕ್ಯಾಮೆರಾ, ಲೆನ್ಸ್‌ಗಳನ್ನು ಬಾಡಿಗೆಗೆ ತರುವುದಾದರೆ ತರಲು ಒಂದು ದಿನ, ಮರಳಿಸಲು ಒಂದು ದಿನ. ಲೊಕೇಶನ್ ನೋಡಿಬರಲು ಅರ್ಧ ದಿನ. ಅನುಮತಿ ಪತ್ರಕ್ಕೆ ಓಡಾಡಲು ಎಷ್ಟು ದಿನವೆಂದು ದೇವರೇ ಹೇಳಬೇಕು. ತರಗತಿಯಲ್ಲಿ ಕುಳಿತಿದ್ದರೂ ಮನಸ್ಸು ಮೊಬೈಲ್‌ನಲ್ಲಿರುವ ದಿನಗಳನ್ನು ನಾನು ಈ ಪಟ್ಟಿಗೆ ಸೇರಿಸಿಲ್ಲ, ಆದರೆ ಇಂಟರ್ನಲ್ಸ್‌ನ ಅಂಕಗಳಲ್ಲಿ ಅವು ತಾವಾಗಿಯೇ ಕಾಣಿಸಿಕೊಳ್ಳುತ್ತವೆ.

ಇಂಥ ಸಂದರ್ಭದಲ್ಲಿ ಯಾರಾದರೊಬ್ಬರು ಕಾಲೇಜು ಬಿಟ್ಟು ಸಿನಿಮಾ ಸೇರಿ ಗೆದ್ದವರ ಹೆಸರು ತೆಗೆಯುತ್ತಾರೆ. ಅಂಥವರಿಲ್ಲವೆಂದಲ್ಲ. ಆದರೆ ಕನ್ನಡದ್ದೇ ಬೇರೆ ಬಗೆಯ ಉದಾಹರಣೆಗಳೂ ನಮ್ಮ ಕಣ್ಣೆದುರಿಗಿವೆ. ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಫಾರ್ಮಸಿ ಪದವಿ ಮುಗಿಸಿ ಪುಣೆಯ ಚಲನಚಿತ್ರ ಸಂಸ್ಥೆಗೆ ಹೋದವರು. 1977ರ ‘ಘಟಶ್ರಾದ್ಧ’ ಅದರ ನಂತರ ಬಂದದ್ದು. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಎಂಬಿಬಿಎಸ್ ಮುಗಿಸಿದ ವೈದ್ಯರು. ಅದೇ ಪುಣೆ ಸಂಸ್ಥೆಯ ದೂರದರ್ಶನ ವಿಭಾಗದ ಒಂದು ವರ್ಷದ ಕೋರ್ಸಿನಲ್ಲಿದ್ದಾಗ ಅವರು ಕನ್ನಡದಲ್ಲಿ ಮಾಡಿದ ‘ಸನ್‌ಫ್ಲವರ್ಸ್ ವೇರ್ ದಿ ಫಸ್ಟ್ ಒನ್ಸ್ ಟು ನೋ’ ಎಂಬ ಕಿರುಚಿತ್ರಕ್ಕೆ 2024ರ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗವಾದ ‘ಲಾ ಸಿನೆಫ್’ನಲ್ಲಿ ಮೊದಲ ಬಹುಮಾನ ಬಂತು. ಅಜ್ಜಿಯೊಬ್ಬಳು ಊರಿನ ಹುಂಜವನ್ನು ಕದ್ದದ್ದರಿಂದ ಬೆಳಗೇ ಆಗದಂತಾಗುವ ಜನಪದ ಕತೆಯ ಮೇಲೆ ನಿಂತ ಈ ಚಿತ್ರದ ಅವಧಿ 16 ನಿಮಿಷ. ಔಷಧವಿಜ್ಞಾನ ಓದಿದ್ದರಿಂದ ಅಥವಾ ಡಾಕ್ಟರಾದದ್ದರಿಂದ ಇವರು ಒಳ್ಳೆಯ ಚಿತ್ರ ಮಾಡಿದರೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಪಾಲಕರ ಸಭೆಗೆ ಸರಿಹೋದೀತು. ನನ್ನ ಗಮನವಿರುವುದು ಒಂದು ಸಣ್ಣ ಸಂಗತಿಯ ಮೇಲೆ: ಆ ಹದಿನಾರು ನಿಮಿಷದ ಚಿತ್ರವನ್ನು ಚಿತ್ರೀಕರಿಸಲು ಅವರಿಗೆ ಇದ್ದದ್ದು ನಾಲ್ಕು ದಿನ. ಇರುಳೇ ಕತೆಯ ಜೀವವಾಗಿರುವ, ಹುಂಜವೊಂದು ಪಾತ್ರವಾಗಿರುವ ಚಿತ್ರ ನಾಲ್ಕು ದಿನಗಳಲ್ಲಿ ಮುಗಿದದ್ದು ಅದೃಷ್ಟದಿಂದಾಗಿರಲಾರದು. ಆ ನಾಲ್ಕು ದಿನಗಳಲ್ಲಿ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಕಾಗದದ ಮೇಲೆಯೇ ತೀರ್ಮಾನಿಸದೆ ಅಂಥ ಕೆಲಸ ಆಗುವುದಿಲ್ಲ.

ಅಂದಹಾಗೆ, ಪುಣೆಯ ಸಂಸ್ಥೆಯಲ್ಲಿ ನಿರ್ದೇಶನ, ಸಂಕಲನ, ಛಾಯಾಗ್ರಹಣದಂಥ ಸ್ನಾತಕೋತ್ತರ ಕೋರ್ಸುಗಳಿಗೆ ಸೇರಲು ಪದವಿ ಬೇಕೇ ಬೇಕು. ಅದು ಯಾವ ವಿಷಯದ ಪದವಿ ಎಂಬುದು ಅಲ್ಲಿ ಮುಖ್ಯವಲ್ಲ, ಆದರೆ ಬ್ಯಾಕ್‌ಲಾಗ್, ಅಂದರೆ ಪಾಸಾಗದ ವಿಷಯಗಳನ್ನು, ಉಳಿಸಿಕೊಂಡವರಿಗೆ ಆ ಬಾಗಿಲು ತೆರೆಯುವುದಿಲ್ಲ. ಮೂರನೆಯ ವರ್ಷದಲ್ಲಿ ಸಿನಿಮಾಕ್ಕಾಗಿ ಲ್ಯಾಬ್ ಬಿಡುವವನಿಗೆ ಈ ವಿಚಾರವನ್ನು ಯಾರೂ ಹೇಳಿರುವುದಿಲ್ಲ.

ಬುತ್ತಿಯ ಚಿತ್ರಕ್ಕೆ ಮರಳೋಣ. ಬಾಕಿ ಉಳಿದಿದ್ದ ಬಸ್ಸಿನ ದೃಶ್ಯಗಳನ್ನು ಕೈಬಿಡು ಎಂದು ಹೇಳಿದಾಗ ಆತ ತುಸು ಬಿರುಸಾಗಿಯೇ, “ಬಸ್ಸೇ ಇಲ್ಲಂದ್ರ ಬುತ್ತಿ ಕತಿ ಎಲ್ಲಿ ಉಳೀತೈತ್ರೀ ಸರ್?” ಎಂದು ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸರ್ಕಾರಿ ಬಸ್ಸಿನಲ್ಲಿ ಚಿತ್ರೀಕರಿಸಲು ಸಾರಿಗೆ ಸಂಸ್ಥೆಯ ಅನುಮತಿ ಬೇಕು. ಅನುಮತಿ ಸಿಕ್ಕರೂ ಓಡುವ ಬಸ್ಸಿನಲ್ಲಿ ಕ್ಯಾಮೆರಾ ನಿಲ್ಲುವುದಿಲ್ಲ, ಮಾತು ಕೇಳುವುದಿಲ್ಲ, ಕಿಟಕಿಯ ಬೆಳಕು ತಿರುವಿಗೊಂದು ತರ. ಅನುಭವಿ ತಂಡಗಳೇ ತಿಣುಕುವ ಕೆಲಸವನ್ನು, ಇನ್ನೊಂದು ದಿನವೂ ಗೈರುಹಾಜರಾಗಲಾರದ ಒಂಬತ್ತು ವಿದ್ಯಾರ್ಥಿಗಳ ಮೇಲೆ ಹೇರುವುದು ಬೇಡ ಎಂಬುದು ನನ್ನ ವಾದವಾಗಿತ್ತು. ಆತ ಆಗಲೇ ಚಿತ್ರೀಕರಿಸಿದ್ದ ತುಣುಕುಗಳನ್ನು ಒಟ್ಟಿಗೆ ಕುಳಿತು ನೋಡಿದೆವು. ನಿಲ್ದಾಣದ ಕಂಬಕ್ಕೆ ಒರಗಿ ನಿಂತ ಹುಡುಗನ ಮುಖದ ಒಂದು ಶಾಟ್ ಒಂದೂವರೆ ನಿಮಿಷ ಓಡಿತ್ತು. ‘ಕಟ್’ ಹೇಳುವುದನ್ನು ಮರೆತದ್ದರಿಂದ ಸಿಕ್ಕ ಶಾಟ್ ಅದು. ಅದರ ಮೇಲೆ ಬಸ್ಸೊಂದು ಬಂದು ನಿಲ್ಲುವ ಸದ್ದು, ಬಾಗಿಲು ತೆರೆಯುವ ಸದ್ದು, ಕಂಡಕ್ಟರ್ ಯಾರದೋ ಊರಿನ ಹೆಸರು ಕೂಗುವ ಸದ್ದು ಇಟ್ಟರೆ ಬಸ್ಸನ್ನು ತೋರಿಸಬೇಕಾದ ಅಗತ್ಯವೇ ಇರಲಿಲ್ಲ. ಆ ಸದ್ದುಗಳನ್ನು ಮೊಬೈಲ್‌ನಲ್ಲಿ, ಬೆಳಗಿನ ಆರು ಗಂಟೆಗೆ, ತರಗತಿಗೆ ಮೊದಲೇ ಹಿಡಿಯಬಹುದು. ಎರಡು ದಿನದ ಚಿತ್ರೀಕರಣ ಎರಡು ಬೆಳಗುಗಳ ಧ್ವನಿಮುದ್ರಣವಾಯಿತು.

ಡಿಸ್ಕ್‌ನಲ್ಲಿ ಇನ್ನೊಂದು ತೊಡಕೂ ಕಂಡಿತು. ಹಾಸ್ಟೆಲ್ ಕೋಣೆಯ ಟ್ಯೂಬ್‌ಲೈಟ್ ಕೆಳಗಿನ ದೃಶ್ಯಗಳಲ್ಲೆಲ್ಲ ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಹರಿದಾಡುತ್ತಿದ್ದವು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಹಳೆಯ ಚೋಕ್‌ನ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಹೊಳೆದು ಮಂಕಾಗುತ್ತದೆ, ಆದ್ದರಿಂದ ಇಲ್ಲಿ ಸೆಕೆಂಡಿಗೆ 25 ಫ್ರೇಮ್ ಇಟ್ಟು ಶಟರ್ ಅನ್ನು, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಅವಧಿಯನ್ನು, ಸೆಕೆಂಡಿನ ಐವತ್ತನೇ ಒಂದು ಭಾಗಕ್ಕೆ ಹೊಂದಿಸುವುದು ರೂಢಿ. ಈತ ಅಂತರ್ಜಾಲದ ಅಮೆರಿಕದ ಪಾಠವೊಂದನ್ನು ನೋಡಿ, 60 ಹರ್ಟ್ಸ್‌ನ ದೇಶಕ್ಕೆ ಒಪ್ಪುವ ಶಟರ್ ಇಟ್ಟಿದ್ದ. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಆತನೇ ಹಣೆ ಚಚ್ಚಿಕೊಂಡ. ಗುರುವಾರ ತಪ್ಪಿಸಿಕೊಂಡ ಲ್ಯಾಬ್‌ನಲ್ಲಿ ಪರ್ಯಾಯ ವಿದ್ಯುತ್ತಿನದೇ ಪ್ರಯೋಗಗಳಿದ್ದವಂತೆ.

ಸಂಕಲನದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ಚಿತ್ರೀಕರಣ ತರಗತಿಯನ್ನು ಕದ್ದರೆ ಸಂಕಲನ ನಿದ್ದೆಯನ್ನು ಕದಿಯುತ್ತದೆ, ಮತ್ತು ಅದು ಸಾಮಾನ್ಯವಾಗಿ ಪರೀಕ್ಷೆಯ ಹೊಸ್ತಿಲಲ್ಲೇ ಬರುತ್ತದೆ. ಹತ್ತು ನಿಮಿಷದ ಚಿತ್ರಕ್ಕೆ ಎಂಟರಷ್ಟು ಚಿತ್ರೀಕರಿಸಿದರೂ 80 ನಿಮಿಷಗಳ ಸಾಮಗ್ರಿ. ಸೆಕೆಂಡಿಗೆ 100 ಮೆಗಾಬಿಟ್‌ನ ಫೈಲುಗಳಾದರೆ ಸುಮಾರು 60 ಜಿಬಿ. ಅದನ್ನು ಎರಡು ಕಡೆ ನಕಲು ಮಾಡಿ, ಧ್ವನಿ ಜೋಡಿಸಿ, ನೋಡಿ ಗುರುತು ಹಾಕಿ, ಮೊದಲ ಜೋಡಣೆ ಮುಗಿಸಿ, ತಿದ್ದಿ, ಧ್ವನಿ ಹಸನು ಮಾಡುವಷ್ಟರಲ್ಲಿ ಹೊಸಬರಿಗೆ 40 ಗಂಟೆಗಳಾದರೂ ಬೇಕೆಂಬುದು ನಾನು ಕಂಡುಕೊಂಡ ಲೆಕ್ಕ. ಇದನ್ನು ನಾಲ್ಕು ರಾತ್ರಿಗಳಲ್ಲಿ ಮುಗಿಸಲು ಹೊರಡುವವರೇ ಹೆಚ್ಚು. ರಾತ್ರಿ ಎರಡು ಗಂಟೆಯ ನಂತರ ಕಿವಿ ಮೊದಲು ಸೋಲುತ್ತದೆ, ಕಣ್ಣು ಆಮೇಲೆ. ಆ ಹೊತ್ತಿನಲ್ಲಿ ಮಾಡಿದ ಕಟ್‌ಗಳಲ್ಲಿ ಬಹುಪಾಲನ್ನು ಬೆಳಿಗ್ಗೆ ನಾನೇ ಎಷ್ಟೋ ಸಲ ಅಳಿಸಿದ್ದೇನೆ. ದಿನಕ್ಕೆ ಎರಡೇ ಗಂಟೆ, ಅದೂ ಬೆಳಗಿನ ಹೊತ್ತು, ಇಪ್ಪತ್ತು ದಿನ ಎಂಬ ವ್ಯವಸ್ಥೆ ಕಾಲೇಜಿಗೆ ಹೋಗುವವರಿಗೆ ಒಗ್ಗುತ್ತದೆ, ಮತ್ತು ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವಿನ ಬಿಡುವಿನಲ್ಲಿ ಚಿತ್ರ ತನ್ನಷ್ಟಕ್ಕೆ ತಲೆಯೊಳಗೆ ಕುದಿಯುತ್ತಿರುತ್ತದೆ. ಲ್ಯಾಪ್‌ಟಾಪ್ ದುರ್ಬಲವಾಗಿದ್ದರೆ ಮೂಲ ಫೈಲುಗಳ ಹಗುರವಾದ ಪ್ರಾಕ್ಸಿ ಪ್ರತಿಗಳನ್ನು ಮಾಡಿಕೊಂಡು ಕೆಲಸ ಮಾಡಬಹುದು. ಅವನ್ನು ತಯಾರಿಸುವ ಕೆಲಸವನ್ನು ಯಂತ್ರಕ್ಕೆ ಹಚ್ಚಿ ತರಗತಿಗೆ ಹೋಗಿ ಬರಬಹುದು.

ಆ ಹುಡುಗ ಮರಳಿ ಹೋಗುವಾಗ ನಾನು ಕೊಟ್ಟದ್ದು ಒಂದು ಖಾಲಿ ಹಾಳೆ. ಎರಡು ವಾರದ ನಂತರ ಆತ ಅದರ ಫೋಟೊ ಕಳಿಸಿದ. ಒಂಬತ್ತು ಜನರ ಹೆಸರು, ಪ್ರತಿಯೊಬ್ಬರ ಲ್ಯಾಬ್ ದಿನ ಕೆಂಪು ಶಾಯಿಯಲ್ಲಿ, ಇಂಟರ್ನಲ್ಸ್‌ನ ವಾರಕ್ಕೆ ಅಡ್ಡಗೀಟು, ಪಟ್ಟಿ ಹರಿದಾಡಿದ ದೃಶ್ಯಗಳನ್ನು ಮತ್ತೆ ತೆಗೆಯಲು ಪರೀಕ್ಷೆ ಮುಗಿದ ಮೇಲಿನ ಒಂದೇ ಒಂದು ಭಾನುವಾರ. ಗುರುವಾರದ ಸಾಲು ಪೂರ್ತಿ ಖಾಲಿ ಇತ್ತು. ಕೆಳಗೆ ಆತನ ಪ್ರಶ್ನೆ: ಭಾನುವಾರ ಹಾಸ್ಟೆಲ್‌ನವರು ಫ್ಯಾನ್ ಆರಿಸಲು ಒಪ್ಪದಿದ್ದರೆ ಧ್ವನಿಗೆ ಏನು ಮಾಡುವುದು? ಕ್ಯಾಮೆರಾ ಇಲ್ಲದೆ ಬರಿಯ ಫ್ಯಾನಿನ ಸದ್ದನ್ನೇ ಒಂದು ನಿಮಿಷ ಪ್ರತ್ಯೇಕವಾಗಿ ಮುದ್ರಿಸಿಕೊಂಡು ಬಾ, ಅದನ್ನು ಇಡೀ ದೃಶ್ಯದ ಕೆಳಗೆ ಹಾಸಿದರೆ ಕಟ್‌ಗಳ ನಡುವೆ ಸದ್ದು ಜಿಗಿಯುವುದಿಲ್ಲ ಎಂದು ಬರೆದು ಕಳಿಸಿದೆ.