ಹೊಳಪು ನೋಡಿ ಟೈಪ್‌ರೈಟರ್ ಕೊಳ್ಳಬೇಡಿ

ಹಾಸನದಲ್ಲಿ ನಾನು ರಿಪೇರಿ ಕಲಿಯುವಾಗ ಟೈಪ್‌ರೈಟರ್‌ಗಳು ಬರುತ್ತಿದ್ದುದು ಕೋರ್ಟ್ ಮುಂದಿನ ಮೇಜುಗಳಿಂದ, ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳಿಂದ. ಈಗ ತರುವವರು ಹವ್ಯಾಸಿ ಸಂಗ್ರಾಹಕರು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಮನೆಗಳ ಅಟ್ಟದಿಂದ ಇಳಿದದ್ದು ಕಾರಿನ ಡಿಕ್ಕಿಯಲ್ಲಿ ಬರುತ್ತದೆ. 'ಪೇಂಟ್ ಹೊಡೆದು ಹೊಸದರ ಹಾಗೆ ಮಾಡಿಕೊಡ್ತೀರಾ?' ಎಂದು ಕೇಳುತ್ತಾರೆ. ಮಾಡಿಕೊಡುವುದಿಲ್ಲ. ಮೂಲ ಕಪ್ಪು ಬಣ್ಣ, ಸವೆದ ಚಿನ್ನದ ಗೆರೆ, ಕಂಪನಿಯ ಹೆಸರು ಅಳಿಸಿದರೆ ಬೆಲೆಯೂ ಅದರ ಜೊತೆಗೇ ಹೋಯಿತು.

ನಾನು ಮೊದಲು ಕಾಗದ ಸುತ್ತಿಕೊಳ್ಳುವ ರಬ್ಬರ್ ರೋಲರ್‌ಗೆ ಉಗುರು ಒತ್ತುತ್ತೇನೆ. ರಬ್ಬರ್ ಗಟ್ಟಿಯಾಗಿದ್ದರೆ ಪೂರ್ಣವಿರಾಮ ಕಾಗದವನ್ನೇ ತೂತು ಮಾಡುತ್ತದೆ, ಅಚ್ಚಿನ ಮುಖವೂ ಕೆಡುತ್ತದೆ. ಆದರೆ ಹೊಸ ರಬ್ಬರ್ ಹಾಕಿಸಬಹುದು. ಹೆಚ್ಚು ಕಾಟ ಕೊಡುವುದು ಸೆಗ್ಮೆಂಟ್, ಅಂದರೆ ಅಕ್ಷರದ ಕಡ್ಡಿಗಳು ಕೂರುವ ಸೀಳುಗಳ ಅರ್ಧಚಂದ್ರ. ಮಲೆನಾಡಿನ ಮಳೆಗಾಲಕ್ಕೆ ಕಡ್ಡಿಗಳು ಹಿಡಿದುಕೊಳ್ಳುತ್ತವೆ. ಮನೆಯವರು ಧಾರಾಳವಾಗಿ ಎಣ್ಣೆ ಬಿಡುತ್ತಾರೆ. ಎಣ್ಣೆಗೆ ಧೂಳು ಸೇರಿ ಅಂಟಾಗುತ್ತದೆ. ಅಲ್ಲಿಗೆ ಸ್ಪಿರಿಟ್, ಬ್ರಷ್ ಸಾಕು. ಎಣ್ಣೆ ಏನಿದ್ದರೂ ಕ್ಯಾರೇಜ್, ಅಂದರೆ ರೋಲರ್ ಹೊತ್ತು ಪಕ್ಕಕ್ಕೆ ಸರಿಯುವ ಭಾಗ, ಓಡುವ ಹಳಿಗೆ, ಅದೂ ಒಂದು ತೊಟ್ಟು. (ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಬೇಡಿ, ತೇವ ಒಳಗೇ ಉಳಿಯುತ್ತದೆ.)

ಇನ್ನು ವಯಸ್ಸಿನ ಮಾತು. 1874ರಲ್ಲಿ ರೆಮಿಂಗ್ಟನ್ ಕಾರ್ಖಾನೆಯಿಂದ ಬಂದ ಷೋಲ್ಸ್-ಗ್ಲಿಡನ್ ಯಂತ್ರದಲ್ಲಿ ದೊಡ್ಡಕ್ಷರ ಮಾತ್ರ ಇತ್ತು. ಅಚ್ಚು ರೋಲರ್‌ನ ತಳಕ್ಕೆ ಬೀಳುತ್ತಿದ್ದರಿಂದ ಹೊಡೆದದ್ದು ಆಗಲೇ ಕಾಣುತ್ತಿರಲಿಲ್ಲ. ಅದು ಸಿಕ್ಕಿದರೆ ಪುಣ್ಯ. 1900ರ ಸುಮಾರಿಗೆ ಬಂದ ಅಂಡರ್‌ವುಡ್ 5 ಬರೆದದ್ದನ್ನು ಕಣ್ಣೆದುರೇ ತೋರಿಸಿತು, ಲಕ್ಷಗಟ್ಟಲೆ ಮಾರಾಟವಾಯಿತು. ಹಾಗಾಗಿ ನೂರು ವರ್ಷದ್ದು ಅಂದಮಾತ್ರಕ್ಕೆ ಅಪರೂಪದ್ದಲ್ಲ.

ನನ್ನನ್ನು ಕೇಳಿದರೆ, ಗುಜರಿಗೆ ತೂಕದ ಲೆಕ್ಕದಲ್ಲಿ ಹೋಗುತ್ತಿರುವ ಕನ್ನಡ ಯಂತ್ರಗಳನ್ನು ಮೊದಲು ಉಳಿಸಿಕೊಳ್ಳಿ. ಗೋದ್ರೆಜ್ 1955ರಲ್ಲಿ ಟೈಪ್‌ರೈಟರ್ ತಯಾರಿಕೆ ಶುರುಮಾಡಿದ ಕಂಪನಿ, ಈಗ ಅದೂ ಮಾಡುವುದಿಲ್ಲ. ಕನ್ನಡ ಯಂತ್ರದ ಸೊಗಸಿರುವುದು ಡೆಡ್ ಕೀಗಳಲ್ಲಿ: ಒತ್ತಿದರೆ ಅಚ್ಚು ಬೀಳುತ್ತದೆ, ಕ್ಯಾರೇಜ್ ಮಾತ್ರ ಕದಲುವುದಿಲ್ಲ. ಮುಂದಿನ ಅಚ್ಚು ಅದೇ ಜಾಗಕ್ಕೆ ಬಂದು ಅಕ್ಷರ ಪೂರ್ತಿಯಾಗುತ್ತದೆ. ಡೆಡ್ ಕೀ ಒತ್ತಿದಾಗಲೂ ಕ್ಯಾರೇಜ್ ಮುಂದೆ ಹೋಯಿತೋ, ಒಳಗೆ ಯಾರೋ ಕೈಯಾಡಿಸಿದ್ದಾರೆ.

ಇಂಗ್ಲಿಷ್ ಅಚ್ಚು ಉದುರಿದರೆ ಇನ್ನೊಂದು ಹಾಳು ಯಂತ್ರದಿಂದ ತೆಗೆದು ಬೆಸೆಯಬಹುದು. ಕನ್ನಡದ್ದು ಹುಡುಕಿದರೂ ಸಿಗುವುದು ಕಷ್ಟ. ದುಡ್ಡು ಕೊಡುವ ಮೊದಲು ಒಂದು ಹಾಳೆ ಹಾಕಿ, ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಪೂರ್ತಿ ಹೊಡೆದು ನೋಡಿ.