ಬ್ಯಾಡ್ಜ್ ಕೊಟ್ಟವರು ಪರೀಕ್ಷೆ ಮಾಡಿದ್ದರಾ?

ಕ್ಯಾಂಪಸ್ ಸಂದರ್ಶನಕ್ಕೆ ಮೊದಲು ಬಿ.ಕಾಂ. ಕೊನೆಯ ವರ್ಷದ ಮಕ್ಕಳ ರೆಸ್ಯೂಮೆ ಓದಿ ತಿದ್ದಿಕೊಡುವುದು ನಮ್ಮ ಕಾಲೇಜಿನಲ್ಲಿ ನನ್ನ ಕೆಲಸ. ಮೊದಲೆಲ್ಲ ಅಂಕಗಳು, ಎನ್‌ಎಸ್‌ಎಸ್ ಕ್ಯಾಂಪ್, ಟ್ಯಾಲಿ ಕೋರ್ಸ್ ಇಷ್ಟೇ ಇರುತ್ತಿತ್ತು. ಈಗ ಅರ್ಧ ಪುಟ ಡಿಜಿಟಲ್ ಬ್ಯಾಡ್ಜ್‌ಗಳೇ, ಅಂದರೆ ಆನ್‌ಲೈನ್‌ನಲ್ಲಿ ಸಿಗುವ ಚಿಕ್ಕ ಚಿಕ್ಕ ಸರ್ಟಿಫಿಕೇಟ್‌ಗಳೇ ತುಂಬಿರುತ್ತವೆ.

ಕಳೆದ ವರ್ಷ ಒಬ್ಬಳು ಹದಿನಾಲ್ಕು ಸರ್ಟಿಫಿಕೇಟ್ ತಂದಿದ್ದಳು. "ಮೇಡಂ, ಎಲ್ಲಾ ಹಾಕ್ಲಾ?" ಎಂದು ಕೇಳಿದಳು. ಒಂದೊಂದನ್ನೇ ತೆಗೆದು, ಇದಕ್ಕೆ ಪರೀಕ್ಷೆ ಇತ್ತಾ ಎಂದು ವಿಚಾರಿಸಿದೆ. ಹನ್ನೊಂದಕ್ಕೆ ಇರಲಿಲ್ಲ. ಕೊನೆಯಲ್ಲಿ ಗೂಗಲ್ ಫಾರ್ಮ್ ತುಂಬಿದರೆ ಸಾಕು, ಇಮೇಲ್‌ಗೆ ಬಂದಿದ್ದವು. ಇದರಲ್ಲಿ ಅವಳ ತಪ್ಪು ಏನೂ ಇಲ್ಲ. ಕೊಟ್ಟವರು ಕಾಲೇಜುಗಳು. 2020ರ ಲಾಕ್‌ಡೌನ್‌ನಲ್ಲಿ ವೆಬಿನಾರ್‌ಗೊಂದು ಇ-ಸರ್ಟಿಫಿಕೇಟ್ ಹಂಚುವ ಅಭ್ಯಾಸ ನಮಗೆ ಅಂಟಿಕೊಂಡಿತು. ಅದು ಇನ್ನೂ ಬಿಟ್ಟಿಲ್ಲ.

ಡಿಜಿಟಲ್ ಬ್ಯಾಡ್ಜ್ ಹುಟ್ಟಿದ್ದು ಇದಕ್ಕಲ್ಲ. 2011ರಲ್ಲಿ ಮೊಜಿಲ್ಲಾ ಸಂಸ್ಥೆ ಮೆಕಾರ್ಥರ್ ಪ್ರತಿಷ್ಠಾನದ ನೆರವಿನಿಂದ ಓಪನ್ ಬ್ಯಾಡ್ಜ್ ಯೋಜನೆ ಶುರು ಮಾಡಿತು. ನೋಡಲು ಅದೊಂದು ಚಿಕ್ಕ ಚಿತ್ರ. ಆದರೆ ಚಿತ್ರದ ಫೈಲಿನೊಳಗೇ ಮಾಹಿತಿ ಸೇರಿಸಿರುತ್ತಾರೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವತ್ತು, ಏನು ಮಾಡಿ ತೋರಿಸಿದ್ದಕ್ಕೆ, ಅದಕ್ಕೆ ಸಾಕ್ಷಿ ಎಲ್ಲಿದೆ, ಎಲ್ಲವನ್ನೂ ಅದರಲ್ಲಿ ಇಡಬಹುದು. 2017ರಿಂದ ಈ ಮಾನದಂಡವನ್ನು ನೋಡಿಕೊಳ್ಳುವುದು ಈಗ ಒನ್‌ಎಡ್‌ಟೆಕ್ ಎಂಬ ಹೆಸರಿನ ಸಂಸ್ಥೆ. ಗಮನಿಸಿ: ಸಾಕ್ಷಿ ಇಡಲೇಬೇಕು ಅಂತೇನಿಲ್ಲ, ಆ ಜಾಗ ಖಾಲಿ ಬಿಟ್ಟರೂ ಬ್ಯಾಡ್ಜ್ ಆಗುತ್ತದೆ. ಅದು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಿದರೆ ತಿಳಿಯುವುದು ಇಷ್ಟೇ, ಇಂಥವರು ಇಂಥವರಿಗೆ ಕೊಟ್ಟಿದ್ದು ನಿಜ. ಕೆಲಸ ಬರುತ್ತದೋ ಇಲ್ಲವೋ ಎಂಬುದು ಗೊತ್ತಾಗಬೇಕಾದರೆ ಪರೀಕ್ಷೆ ನಡೆದಿರಬೇಕು.

ಎನ್‌ಪಿಟೆಲ್ ಸರ್ಟಿಫಿಕೇಟನ್ನು ನಾನು ರೆಸ್ಯೂಮೆಯಲ್ಲಿ ಮೇಲೆ ಹಾಕಿಸುವುದು ಈ ಕಾರಣಕ್ಕೇ. ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಕೋರ್ಸ್‌ಗಳಿವು. ಪಾಠ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ವಾರವಾರದ ಅಸೈನ್‌ಮೆಂಟ್‌ಗೆ 25 ಅಂಕ, ಕೇಂದ್ರಕ್ಕೆ ಹೋಗಿ ಮೇಲ್ವಿಚಾರಕರ ಮುಂದೆ ಕೂತು ಬರೆಯುವ ಪರೀಕ್ಷೆಗೆ 75. ಅಸೈನ್‌ಮೆಂಟ್‌ನಲ್ಲಿ 10, ಪರೀಕ್ಷೆಯಲ್ಲಿ 30 ಬರದಿದ್ದರೆ ಸರ್ಟಿಫಿಕೇಟ್ ಇಲ್ಲ. ಎಷ್ಟು ಅಂಕ ಎಂಬುದೂ ಅದರ ಮೇಲೆಯೇ ಅಚ್ಚಾಗಿರುತ್ತದೆ.

ಎಷ್ಟು ಗಂಟೆಯ ಕಲಿಕೆ ಎಂಬುದನ್ನೂ ನೋಡಬೇಕು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಲೆಕ್ಕದಲ್ಲಿ ಒಂದು ಕ್ರೆಡಿಟ್ (ಪದವಿಗೆ ಲೆಕ್ಕ ಹಿಡಿಯುವ ಕಲಿಕೆಯ ಅಳತೆ) ಎಂದರೆ 30 ಗಂಟೆ. ಎರಡು ದಿನದ ಕಾರ್ಯಾಗಾರ ಎಷ್ಟು ಎಳೆದರೂ 12 ಗಂಟೆ. ಅದು ಅರ್ಧ ಕ್ರೆಡಿಟ್ ಕೂಡ ಆಗದು.

ಇದನ್ನೆಲ್ಲ ಮಕ್ಕಳಿಗೆ ಹೇಳಿ, ನಾವೇ ಸುಮ್ನೆ ಹಾಜರಾತಿಗೆ ಬ್ಯಾಡ್ಜ್ ಕೊಡುತ್ತಿದ್ದರೆ ಹೇಗೆ? ನಮ್ಮ ವಿಭಾಗದಲ್ಲಿ ಒಂದೇ ಒಂದು ಬ್ಯಾಡ್ಜ್ ಇರಲಿ, ಅದು ಗಟ್ಟಿಯಾಗಿರಲಿ ಎಂದು ತೀರ್ಮಾನ ಮಾಡಿದೆವು. ಜಿಎಸ್‌ಟಿ ರಿಟರ್ನ್ ತಯಾರಿಸುವ ಕೆಲಸ ಆರಿಸಿದೆವು, ಏಕೆಂದರೆ ಊರಿನ ಆಡಿಟರ್ ಆಫೀಸುಗಳಲ್ಲಿ ಮೊದಲ ದಿನವೇ ಬೇಕಾಗುವುದು ಅದೇ. ಒಂದು ಕಾಲ್ಪನಿಕ ಹಾರ್ಡ್‌ವೇರ್ ಅಂಗಡಿಯ ಒಂದು ತಿಂಗಳ ಖರೀದಿ, ಮಾರಾಟದ ಬಿಲ್‌ಗಳ ಕಟ್ಟು ಕೊಡುತ್ತೇವೆ. ವಿದ್ಯಾರ್ಥಿ ಅವನ್ನು ವಿಂಗಡಿಸಿ ಜಿಎಸ್‌ಟಿಆರ್-1 (ಮಾರಾಟದ ವಿವರ) ಮತ್ತು 3ಬಿ (ತೆರಿಗೆಯ ಒಟ್ಟು ಲೆಕ್ಕ) ಎಂಬ ರಿಟರ್ನ್‌ಗಳನ್ನು ತಯಾರಿಸಬೇಕು.

ಕಟ್ಟಿನೊಳಗೆ ಬೇಕೆಂದೇ ತಪ್ಪುಗಳನ್ನು ಇಟ್ಟಿರುತ್ತೇವೆ. ಒಂದು ಬಿಲ್‌ನಲ್ಲಿ ಕೊಂಡವರ ಜಿಎಸ್‌ಟಿ ನಂಬರ್ 27ರಿಂದ ಶುರುವಾಗುತ್ತದೆ. ಕರ್ನಾಟಕದ್ದು 29, 27 ಮಹಾರಾಷ್ಟ್ರದ್ದು. ಮಾಲು ಸೊಲ್ಲಾಪುರಕ್ಕೆ ಹೋಗಿದೆ. ಆದರೂ ಬಿಲ್‌ನಲ್ಲಿ ರಾಜ್ಯದೊಳಗಿನ ಮಾರಾಟಕ್ಕೆ ಹಾಕುವ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿದೆ. ಹೊರರಾಜ್ಯದ ಮಾರಾಟಕ್ಕೆ ಹಾಕುವ ಐಜಿಎಸ್‌ಟಿ ಬರಬೇಕಿತ್ತು. ಇನ್ನೊಂದು, ಅಂಗಡಿ ಹೆಸರಲ್ಲಿ ಮಾಲೀಕರು ಕೊಂಡ ಕಾರಿನ ಬಿಲ್. ಅದರ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆ) ಎಂದು ಕಟ್ಟಬೇಕಾದ ತೆರಿಗೆಯಿಂದ ಕಳೆಯುವ ಹಾಗಿಲ್ಲ. ಪುಸ್ತಕದಲ್ಲಿ ಇವೆರಡನ್ನೂ ಓದಿದವರೇ ಬಿಲ್ ಕೈಗೆ ಬಂದಾಗ ಗುರುತಿಸದೆ ಮುಂದೆ ಹೋಗುತ್ತಾರೆ.

ಪರೀಕ್ಷೆ ಮಾಡುವುದು ನಾವಲ್ಲ, ಹೊರಗಿನ ಒಬ್ಬ ಆಡಿಟರ್. ರಿಟರ್ನ್ ನೋಡಿ, ಆಮೇಲೆ ವಿದ್ಯಾರ್ಥಿಯನ್ನು ಕೂರಿಸಿಕೊಂಡು ಐದು ನಿಮಿಷ ಮಾತಾಡಿಸುತ್ತಾರೆ. ಈ ಮೊತ್ತ ಇಲ್ಲಿಗೆ ಯಾಕೆ ಬಂತು? ಈ ಬಿಲ್ ಯಾಕೆ ಬಿಟ್ಟೆ? ಪಕ್ಕದವರದ್ದನ್ನು ನೋಡಿ ಬರೆದಿದ್ದರೆ ಆ ಐದು ನಿಮಿಷದಲ್ಲಿ ತಿಳಿದುಬಿಡುತ್ತದೆ. ತೇರ್ಗಡೆಯಾದವರ ಬ್ಯಾಡ್ಜ್ ತೆರೆದರೆ ಪ್ರಶ್ನೆಯ ಕಟ್ಟು, ಅವರು ಮಾಡಿದ ಕೆಲಸ, ಪರೀಕ್ಷಕರ ಷರಾ ಮೂರೂ ಕಾಣುತ್ತವೆ.

ಮೊದಲ ಸಲ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಬ್ಯಾಡ್ಜ್ ಸಿಗಲಿಲ್ಲ. ಒಬ್ಬ ತಂದೆ ಕಾಲೇಜಿಗೇ ಬಂದು, "ಇಂಥದ್ದಕ್ಕೂ ಫೇಲ್ ಮಾಡ್ತೀರಾ ಮೇಡಂ?" ಎಂದು ಬೇಜಾರು ಮಾಡಿಕೊಂಡರು. ನನಗೂ ನೋವಾಯಿತು. ಬಿಲ್‌ಗಳನ್ನು ಅವರ ಮುಂದೆ ಹರಡಿ ತೋರಿಸಿದೆ. ಸಣ್ಣ ಅಂಗಡಿ ನಡೆಸುವವರು, ತಕ್ಷಣ ಅರ್ಥ ಮಾಡಿಕೊಂಡರು. ಮಗ ಎರಡು ತಿಂಗಳ ನಂತರ ಮತ್ತೆ ಕೂತ. ಎಷ್ಟು ಸಲ ಬೇಕಾದರೂ ಕೂರಬಹುದು, ಅದು ನಮ್ಮ ನಿಯಮ. ಸಣ್ಣ ಸಣ್ಣ ತುಂಡಾಗಿ ಕಲಿಯುವುದರ ದೊಡ್ಡ ಅನುಕೂಲವೇ ಇದು ಅಲ್ವಾ? ಸೆಮಿಸ್ಟರ್ ಪರೀಕ್ಷೆಯ ಹಾಗೆ ವರ್ಷ ಹಾಳಾಗುವ ಭಯ ಇಲ್ಲ.

ಕ್ರೆಡಿಟ್ ವಿಷಯದಲ್ಲಿ ಎರಡು ಮಾತು. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ 'ಸ್ವಯಂ'ನ ಕೋರ್ಸ್‌ಗಳಿಂದ ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇಕಡಾ 40ರವರೆಗೆ ಕ್ರೆಡಿಟ್ ಪಡೆಯಲು ಯುಜಿಸಿಯ 2021ರ ನಿಯಮ ಅವಕಾಶ ಕೊಟ್ಟಿದೆ. ಆದರೆ ಯಾವ ಕೋರ್ಸ್‌ನ ಕ್ರೆಡಿಟ್ ಲೆಕ್ಕಕ್ಕೆ ಬರುತ್ತದೆ ಎಂದು ಒಪ್ಪಬೇಕಾದದ್ದು ನಿಮ್ಮ ವಿಶ್ವವಿದ್ಯಾಲಯ. ಸೇರುವ ಮೊದಲೇ ವಿಭಾಗದಲ್ಲಿ ಕೇಳಿ. ಮುಗಿಸಿದ ಮೇಲೆ ಬಂದು ಕೇಳಿ ಪೆಚ್ಚು ಮೋರೆ ಹಾಕಿಕೊಂಡು ಹೋಗುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಇನ್ನೊಂದು, ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ನಮ್ಮ ಕಡೆ ಇದು ಮನೆಮನೆಯ ಕಥೆ. ಗಳಿಸಿದ ಕ್ರೆಡಿಟ್‌ಗಳನ್ನು ಜಮೆ ಮಾಡಿಡುವ ಅಕಾಡೆಮಿಕ್ ಕ್ರೆಡಿಟ್ ಬ್ಯಾಂಕಿನ ಖಾತೆಯನ್ನು ಡಿಜಿಲಾಕರ್ ಮೂಲಕ ತೆರೆಯುವುದರಿಂದ ಆಧಾರ್ ಹೆಸರೇ ಅಲ್ಲಿಗೆ ಬರುತ್ತದೆ. ಎರಡೂ ಹೊಂದದಿದ್ದರೆ ಕ್ರೆಡಿಟ್ ಜಮೆಯಾಗುವಾಗ ತೊಂದರೆ. ಮೊದಲ ಸೆಮಿಸ್ಟರಿನಲ್ಲೇ ಸರಿ ಮಾಡಿಸಿಕೊಳ್ಳಿ.

ಕೊನೆಯ ವರ್ಷದವರು ಇವತ್ತೇ ಮಾಡಬೇಕಾದ ಕೆಲಸವೊಂದಿದೆ. ನಿಮ್ಮ ಬ್ಯಾಡ್ಜ್‌ಗಳು ಬಹುಪಾಲು ಕಾಲೇಜು ಕೊಟ್ಟ ಇಮೇಲ್‌ಗೆ ಬಂದಿರುತ್ತವೆ. ಪದವಿ ಮುಗಿದ ಮೇಲೆ ಎಷ್ಟೋ ಕಡೆ ಆ ಇಮೇಲ್ ಮುಚ್ಚುತ್ತಾರೆ. ಆಮೇಲೆ ಬ್ಯಾಡ್ಜ್ ಖಾತೆಗೆ ಲಾಗಿನ್ ಆಗಲು ಒಟಿಪಿಯೂ ಸಿಗುವುದಿಲ್ಲ. ಬ್ಯಾಡ್ಜ್‌ಗಳನ್ನು ಇಟ್ಟುಕೊಳ್ಳುವ ಕ್ರೆಡ್ಲಿಯಂಥ ತಾಣಗಳಲ್ಲಿ ಎರಡನೇ ಇಮೇಲ್ ಸೇರಿಸಲು ಸೆಟ್ಟಿಂಗ್ಸ್‌ನಲ್ಲೇ ಅವಕಾಶವಿದೆ. ನಿಮ್ಮ ಸ್ವಂತ ಇಮೇಲ್ ಅಲ್ಲಿ ಹಾಕಿ, ಬಂದ ಲಿಂಕ್ ಒತ್ತಿ ಖಚಿತಪಡಿಸಿ. ಮಾಡಿದ ಕೆಲಸದ ಫೈಲ್‌ಗಳನ್ನೂ ಇಳಿಸಿಕೊಂಡು ನಿಮ್ಮ ಹತ್ತಿರ ಒಂದು ಪ್ರತಿ ಇಟ್ಟುಕೊಳ್ಳಿ.